ಗೊರಕೆಗೆ ಸಿಕ್ಕ ಮರ್ಯಾದೆ ಹೂಸಿಗೆ ಯಾಕಿಲ್ಲ?

ಕನ್ನಡದ ಹಾಸ್ಯಲೇಖನಗಳಲ್ಲಿ ಗಂಡನ ಗೊರಕೆಗೆ ಒಂದು ಖಾಯಂ ಕುರ್ಚಿ ಇದೆ. ಯಾವ ದೀಪಾವಳಿ ವಿಶೇಷಾಂಕ ತೆಗೆದರೂ ಎಲ್ಲೋ ಒಂದು ಪುಟದಲ್ಲಿ ಗಂಡ ಗೊರಕೆ ಹೊಡೆಯುತ್ತಿರುತ್ತಾನೆ, ಹೆಂಡತಿ ಕಿವಿಗೆ ಹತ್ತಿ ಹುಡುಕುತ್ತಿರುತ್ತಾಳೆ. ಗೊರಕೆಯನ್ನು ಲಾರಿಗೆ ಹೋಲಿಸಿದ್ದಾಯಿತು, ಹಿಟ್ಟಿನ ಗಿರಣಿಗೆ ಹೋಲಿಸಿದ್ದಾಯಿತು, ಕುಂಭಕರ್ಣನನ್ನಂತೂ ಎಷ್ಟು ಸಲ ಎಬ್ಬಿಸಿ ಮಲಗಿಸಿದ್ದೇವೋ ಲೆಕ್ಕವಿಲ್ಲ. ಅದೇ ಗಂಡ, ಅದೇ ಹಾಸಿಗೆ, ಅದೇ ರಾತ್ರಿ. ಅವನ ದೇಹದ ಇನ್ನೊಂದು ತುದಿಯಿಂದ ಬರುವ ಶಬ್ದದ ವಿಷಯ ಬಂದಾಗ ಮಾತ್ರ ನಮ್ಮ ಹಾಸ್ಯಸಾಹಿತ್ಯ ಮಗ್ಗುಲು ಬದಲಿಸಿ ಮಲಗಿಬಿಡುತ್ತದೆ. ನಾನು ಹೇಳುತ್ತಿರುವುದು ಹೂಸಿನ ವಿಷಯ. ಸಂಪಾದಕರು ಈ ಪದವನ್ನು ಹಾಗೇ ಬಿಟ್ಟರೆ ಅರ್ಧ ಜಗಳ ಗೆದ್ದ ಹಾಗೆ.

ಅದು ಅಸಭ್ಯ, ಅದಕ್ಕೇ ಬರೆಯುವುದಿಲ್ಲ ಅನ್ನುವುದು ಸುಲಭದ ಉತ್ತರ. ಗೊರಕೆ ಏನು ದೊಡ್ಡ ಸಭ್ಯತೆಯೇ? ಬಾಯಿ ತೆರೆದು, ಜೊಲ್ಲು ಸುರಿಸಿಕೊಂಡು, ಪಕ್ಕದವರ ನಿದ್ದೆ ಕೆಡಿಸುವ ವ್ಯವಹಾರ ಅದು. ಆದರೆ ಗೊರಕೆ ಹೊಡೆಯುವವನು ನಿದ್ದೆಯಲ್ಲಿರುತ್ತಾನೆ, ಹಾಗಾಗಿ ಅವನ ಮೇಲೆ ಹೊಣೆಯಿಲ್ಲ. ಹೂಸಿನ ಮೇಲೆ ಯಾವಾಗಲೂ ಒಂದು ಆರೋಪ ಇರುತ್ತದೆ: ತಡೆಯಬಹುದಿತ್ತಲ್ಲ! ನನಗೆ ಕುತೂಹಲ ಇರುವುದು ಈ ಆರೋಪದ ಬಗ್ಗೆ. ಯಾಕೆಂದರೆ ಒಂದು ಮನೆಯೊಳಗೆ ಅದು ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ. ಗಂಡ ತಡೆಯದಿದ್ದರೆ ನಗು, ಮಗು ತಡೆಯದಿದ್ದರೆ ಮುದ್ದು. ಸೊಸೆ ತಡೆಯದಿದ್ದರೆ? ಅತ್ತೆ ಒಡೆದದ್ದು ಹಳೇ ಮಡಕೆ, ಸೊಸೆ ಒಡೆದದ್ದು ಹೊಸ ಮಡಕೆ ಅನ್ನುವ ಗಾದೆ ಗಾಳಿಯ ವಿಷಯಕ್ಕೂ ಸಲ್ಲುತ್ತದೆ.

ಮೊದಲು ಪದದ ಮಾತು. ನಮ್ಮದು ಹೂಸು, ತಮಿಳರದು ಕುಸು, ತೆಲುಗರದು ಪಿತ್ತು. ಮುಂಬಯಿಗೆ ಬಂದ ಮೇಲೆ ನಮ್ಮ ಮಕ್ಕಳಿಗೆ ಇನ್ನೊಂದು ಪದ ಸಿಕ್ಕಿತು: ಮರಾಠಿ, ಹಿಂದಿಗಳ ಪಾದ್. ಇದರಿಂದ ಇಲ್ಲಿನ ಕನ್ನಡದ ಮನೆಗಳಲ್ಲಿ ಹುಟ್ಟಿಕೊಂಡ ಪಜೀತಿ ಊರಿನವರಿಗೆ ಅರ್ಥವಾಗಲಿಕ್ಕಿಲ್ಲ. ಸುದ್ದಿಯಲ್ಲಿ ಯಾವುದೋ ಪಕ್ಷದ ಪಾದಯಾತ್ರೆ ಅಂದರೆ ಸಾಕು, ಶಾಲೆಗೆ ಹೋಗುವ ಮಕ್ಕಳು ಸೋಫಾದಿಂದ ಕೆಳಗೆ ಬೀಳುತ್ತಾರೆ. ಅಜ್ಜಿಗೆ ಏನೆಂದು ಹೇಳುವುದು? ಭಾಷಾಶಾಸ್ತ್ರದವರನ್ನು ಕೇಳಿದರೆ ಈ ಪಾದ್ ಬಂದದ್ದು ಸಂಸ್ಕೃತದ ಪರ್ದ್ ಧಾತುವಿನಿಂದ. ಇಂಗ್ಲಿಷಿನ ಫಾರ್ಟ್ ಕೂಡ ಅದೇ ಬೇರಿನದು, ಗ್ರೀಕರ ಪದವೂ ಅಲ್ಲಿಂದಲೇ. ಸಾವಿರಾರು ವರ್ಷ, ಎರಡು ಖಂಡ ದಾಟಿದರೂ ಶಬ್ದದ ಗುರುತು ಅಳಿಸಿಲ್ಲ. ಇಷ್ಟು ಕುಲೀನ ಪದ ಇದ್ದಾಗ್ಯೂ ನಮ್ಮ ಪಂಡಿತರು ಅಪಾನವಾಯು ಅಂದರು, ನಾವು ವಲಸಿಗರು ಗ್ಯಾಸ್ ಅಂದೆವು, ಬೆಂಗಳೂರಿನವರು ಗ್ಯಾಸ್ಟ್ರಿಕ್ ಅಂತ ಮಾಡಿಕೊಂಡು ಅದನ್ನು ಹೊಟ್ಟೆಯ ಮೇಲ್ಭಾಗಕ್ಕೇ ಸಾಗಿಸಿಬಿಟ್ಟರು. ನಮ್ಮ ಕಡೆ ಗ್ಯಾಸ್ ಅಂದರೆ ಸಿಲಿಂಡರೂ ಹೌದಾದ್ದರಿಂದ, ಗ್ಯಾಸ್ ಮುಗಿಯಿತಾ ಅನ್ನುವ ಪ್ರಶ್ನೆಗೆ ಯಾವ ಗ್ಯಾಸ್ ಎಂದು ಕೇಳಿಕೊಳ್ಳಬೇಕಾದ ಮನೆಗಳು ಬೇಕಾದಷ್ಟಿವೆ.

ಮಾತಿನ ಕನ್ನಡದಲ್ಲಿ ಈ ಹಾಸ್ಯಕ್ಕೆ ಬರವಿಲ್ಲ. ಯಾರು ಬಿಟ್ಟಿದ್ದು ಎಂದು ಸಾಲಾಗಿ ಬೆರಳಿಟ್ಟು ಎಣಿಸುವ ಆಟ ಆಡದ ಮಕ್ಕಳು ಯಾರಿದ್ದಾರೆ? ಬರ ಇರುವುದು ಅಚ್ಚಿನಲ್ಲಿ. ರಾಶಿಯವರು 1942ರಲ್ಲಿ ಕೊರವಂಜಿ ಶುರುಮಾಡಿದಾಗ ಕನ್ನಡ ನಗೆಗೆ ಒಂದು ಮನೆ ಕಟ್ಟಿಕೊಟ್ಟರು. ಆ ಮನೆಯಲ್ಲಿ ಹಜಾರವಿದೆ, ಅಡುಗೆಮನೆಯಿದೆ, ಕಾಫಿಯಿದೆ, ಕಾಫಿಪುಡಿ ಮುಗಿದ ಜಗಳವಿದೆ. ಕಾಫಿ ಕುಡಿದ ಹೊಟ್ಟೆ ಮಾತ್ರ ಇಲ್ಲ. ರಾಶಿಯವರು ಸ್ವತಃ ವೈದ್ಯರು, ಹೊಟ್ಟೆಯ ವ್ಯವಹಾರ ಅವರಿಗೆ ತಿಳಿಯದ್ದಲ್ಲ. ಇದನ್ನು ಅವರ ಕೊರತೆ ಎಂದು ನಾನು ಎಣಿಸುವುದಿಲ್ಲ. ಪತ್ರಿಕೆ ಮನೆಯ ಹೆಣ್ಣುಮಕ್ಕಳ ಕೈಗೆ ತಲುಪಬೇಕಾದರೆ ಅಂದಿನ ಕಾಲಕ್ಕೆ ಆ ಮಡಿ ಬೇಕಿತ್ತು; ಟಿ. ಸುನಂದಮ್ಮನವರಂಥ ಲೇಖಕಿ ಅಲ್ಲಿ ಬರೆಯುವುದಕ್ಕೂ ಅದು ಅನುಕೂಲವಾಗಿರಬೇಕು. ನನ್ನ ತಕರಾರು ಇರುವುದು ನಂತರದವರ ಮೇಲೆ. ಎಪ್ಪತ್ತು ಎಂಬತ್ತು ವರ್ಷ ಕಳೆದರೂ ಅದೇ ಹಜಾರದಲ್ಲಿ ಅದೇ ಗಂಡಹೆಂಡಿರನ್ನು ಕೂರಿಸಿ, ಹೆಂಡತಿಯ ಸೀರೆ, ಹೆಂಡತಿಯ ಶಾಪಿಂಗು, ಹೆಂಡತಿಯ ಉಪ್ಪಿಟ್ಟು ಎಂದು ಬರೆಯುತ್ತಿರುವವರ ಮೇಲೆ. ಹೊಸದಾಗಿ ಮೊಬೈಲು ಸೇರಿಸಿದ್ದಾರೆ, ಅಷ್ಟೇ.

ಹೀಗಾಗಿ ದಾಂಪತ್ಯದ ಹೂಸುಹಾಸ್ಯದ ಬಗ್ಗೆ ವಿಮರ್ಶೆ ಮಾಡಬೇಕೆಂದರೆ ಅಚ್ಚಾದ ಕೃತಿಗಿಂತ ಮನೆಯ ಮೌಖಿಕ ಸಾಹಿತ್ಯವನ್ನೇ ಕೈಗೆತ್ತಿಕೊಳ್ಳಬೇಕಾಗುತ್ತದೆ. ಬೇರೆಯವರ ಮನೆಯದ್ದು ನನಗೆ ಸಿಗುವುದಿಲ್ಲ, ನಮ್ಮದನ್ನೇ ಕೊಡುತ್ತೇನೆ.

ನಮ್ಮದು ಡೊಂಬಿವಲಿಯಲ್ಲಿ ಒಂದು ರೂಮು, ಒಂದು ಕಿಚನ್. ಯಜಮಾನರು, ನಾನು, ಮಗ, ಅತ್ತೆ. ಯಜಮಾನರಿಗೆ ಕಾಳು ಇಲ್ಲದ ಊಟ ಊಟವೇ ಅಲ್ಲ. ಊರಿನ ಹುರುಳಿ ಸಾರು, ಮಳೆಗಾಲದಲ್ಲಿ ಹಲಸಿನ ಬೀಜದ ಪಲ್ಯ ಜೊತೆಗೆ ತಂದಿದ್ದರು. ಇಲ್ಲಿ ಬಂದು ಮಟಕಿ ಉಸಳ್, ಭಾನುವಾರದ ಮಿಸಳ್ ಸೇರಿಸಿಕೊಂಡರು. ಸಾಂಸ್ಕೃತಿಕ ಕೊಡುಕೊಳ್ಳುವಿಕೆ ಅಂದರೆ ಇದೇ. ಪರಿಣಾಮ ರಾತ್ರಿ ಒಂಬತ್ತರ ಮೇಲೆ. ಮದುವೆಯಾದ ಮೊದಲ ವರ್ಷ ನಾನು ಕೇಳಿಸದ ಹಾಗೆ ಇದ್ದೆ. ಎರಡನೇ ವರ್ಷ ಕಿಟಕಿ ತೆಗೆಯತೊಡಗಿದೆ. ಮಗ ಮಾತು ಕಲಿತ ಮೇಲೆ ಇದಕ್ಕೊಂದು ಪರಿಭಾಷೆಯೇ ಬೆಳೆಯಿತು, ಪೂರ್ತಿ ಸೆಂಟ್ರಲ್ ರೈಲ್ವೆಯದು. ಶಬ್ದ ಮಾಡಿಕೊಂಡು ಬಂದು, ಎಲ್ಲೂ ನಿಲ್ಲದೆ, ಗಾಳಿ ಬೀಸಿ ಹೋಗಿಬಿಡುವುದು ಫಾಸ್ಟ್ ಲೋಕಲ್. ಸದ್ದಿಲ್ಲದೆ ಹೊರಟು, ಪ್ರತಿ ಸ್ಟೇಷನ್ನಿನಲ್ಲೂ ನಿಂತು, ಹಾಲ್‌ನಿಂದ ಅಡುಗೆಮನೆಗೆ ನಿಧಾನವಾಗಿ ತಲುಪುವುದು ಸ್ಲೋ. ಸ್ಲೋ ಹೊರಟಿದೆ ಎಂದು ಅನುಮಾನ ಬಂದಾಗ ಮಗ ಕನ್ನಡಿ ಮುಂದೆ ನಿಂತು ಅನೌನ್ಸ್‌ಮೆಂಟಿನ ದನಿಯಲ್ಲಿ, ಪುಢೀಲ್ ಸ್ಟೇಷನ್ ಕಿಚನ್, ಅನ್ನುತ್ತಾನೆ. ಹೊಟ್ಟೆ ಕಟ್ಟಿಕೊಂಡ ದಿನ ಮೆಗಾಬ್ಲಾಕ್. ಯಜಮಾನರೇನೂ ಬೇಜಾರು ಮಾಡಿಕೊಳ್ಳುವವರಲ್ಲ. ಪ್ರಯಾಣಿಕರಿಗೆ ಆದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂದು ಪೇಪರಿನ ಹಿಂದಿನಿಂದಲೇ ಹೇಳುತ್ತಾರೆ.

ಇದು ಒಳ್ಳೆಯ ಹಾಸ್ಯವೇ? ಹೌದು ಅನ್ನುತ್ತೇನೆ, ಕಾರಣವೂ ಇದೆ. ಇದು ಎದ್ದು ಹೋಗಲು ಇನ್ನೊಂದು ಕೋಣೆ ಇಲ್ಲದವರ ಹಾಸ್ಯ. ದೊಡ್ಡ ಮನೆಯಲ್ಲಿ ಮುಖ ಸಿಂಡರಿಸಿಕೊಂಡು ಹೊರಗೆ ನಡೆಯಬಹುದು, ಸಿಟ್ಟನ್ನು ಬಾಗಿಲಿನ ಮೇಲೆ ತೋರಿಸಬಹುದು. ಮುನ್ನೂರು ಚದರಡಿಯಲ್ಲಿ ದೂರು ಕೊಡುವುದೂ ಅದೇ ಜಾಗ, ರಾಜಿಯಾಗುವುದೂ ಅದೇ ಜಾಗ. ಹಾಗಾಗಿ ದೂರು ಮತ್ತು ರಾಜಿ ಎರಡನ್ನೂ ಒಂದೇ ವಾಕ್ಯದಲ್ಲಿ ಮುಗಿಸಬೇಕಾಗುತ್ತದೆ. ಸ್ಲೋ ಹೊರಟಿತಾ ಎಂಬ ಪ್ರಶ್ನೆ ಆ ಕೆಲಸ ಮಾಡುತ್ತದೆ. ಆದರೆ ಈ ಪಠ್ಯವನ್ನು ಇನ್ನೊಂದು ಸಲ ಓದಿ ನೋಡಿ. ಇಷ್ಟೆಲ್ಲ ಗಾಡಿಗಳಿಗೂ ಮೋಟರ್‌ಮನ್ ಒಬ್ಬನೇ. ನಾನು, ಅತ್ತೆ ಬರೀ ಪ್ರಯಾಣಿಕರು. ಅದೇ ಹುರುಳಿ ಸಾರು, ಅದೇ ಮಟಕಿ ನಾವೂ ತಿಂದವರೇ. ಹಾಗಿದ್ದೂ ಈ ಹಾಸ್ಯದಲ್ಲಿ ಲೇಡೀಸ್ ಡಬ್ಬಿ ಯಾವಾಗಲೂ ಖಾಲಿ.

ಇದು ನಮ್ಮ ಮನೆಯೊಂದರ ಕತೆಯಲ್ಲ, ಇದಕ್ಕೆ ಶಾಸ್ತ್ರದ ಬೆಂಬಲವೂ ಉಂಟು. ನಾಟ್ಯಶಾಸ್ತ್ರದ 6ನೇ ಅಧ್ಯಾಯದಲ್ಲಿ ಭರತ ನಗೆಯನ್ನು ಆರು ಬಗೆ ಮಾಡುತ್ತಾನೆ. ಸ್ಮಿತ, ಹಸಿತ ಉತ್ತಮರಿಗೆ. ವಿಹಸಿತ, ಉಪಹಸಿತ ಮಧ್ಯಮರಿಗೆ. ಅಪಹಸಿತ, ಅತಿಹಸಿತ ಅಧಮರಿಗೆ. ಹಾಸ್ಯರಸ ಹೆಚ್ಚಾಗಿ ಕಾಣಿಸುವುದು ಹೆಂಗಸರಲ್ಲಿ ಮತ್ತು ಕೀಳು ಪ್ರಕೃತಿಯವರಲ್ಲಿ ಎಂಬ ಮಾತೂ ಅಲ್ಲೇ ಇದೆ. ನಗುವುದು ಹೆಂಗಸರ ಪಾಲಿಗೆ ಬಂದಿದೆ, ಸರಿ. ಆದರೆ ಅವರ ದೇಹದಲ್ಲಿ ನಗುವಂಥದ್ದು ಏನಾದರೂ ಘಟಿಸಿದರೆ ಅದು ನಮ್ಮ ಓದಿನಲ್ಲಿ ತಕ್ಷಣ ಬೀಭತ್ಸಕ್ಕೆ ಹೋಗಿ ಬೀಳುತ್ತದೆ. ಗಂಡಸಿನ ಹೊಟ್ಟೆ ಹಾಸ್ಯ, ಹೆಂಗಸಿನ ಹೊಟ್ಟೆ ಬೀಭತ್ಸ. ಅದೇ ಭರತ ಇನ್ನೊಂದು ಮಾತು ಹೇಳಿದ್ದಾನೆ, ನನಗೆ ಬೇಕಾದದ್ದು ಅದು: ಹಾಸ್ಯ ಹುಟ್ಟುವುದು ಶೃಂಗಾರದಿಂದ. ಟೀಕಾಕಾರರು ಇದಕ್ಕೆ ಶೃಂಗಾರದ ಅನುಕರಣೆ, ಆಭಾಸ ಎಂದೆಲ್ಲ ವಿವರಣೆ ಕೊಡುತ್ತಾರೆ. ಇಪ್ಪತ್ತು ವರ್ಷ ಒಂದೇ ಹಾಸಿಗೆ ಹಂಚಿಕೊಂಡವರಿಗೆ ಅಷ್ಟು ವಿವರಣೆ ಬೇಡ.

ರಂಗದ ಮೇಲಿನ ಹೂಸು ಬೇರೆಯ ಜಾತಿ, ಅದನ್ನು ಇಲ್ಲೇ ದಾಟಿಬಿಡುತ್ತೇನೆ. ಪ್ಯಾರಿಸ್ಸಿನ ಮೂಲಾಂ ರೂಜ್‌ನಲ್ಲಿ 1892ರಿಂದ ಜೋಸೆಫ್ ಪುಜೋಲ್ ಎಂಬಾತ ಟಿಕೆಟ್ಟಿಟ್ಟು ಇದೇ ವಿದ್ಯೆ ತೋರಿಸಿ ದೊಡ್ಡ ಹೆಸರು ಮಾಡಿದ. ಅವನದ್ದು ಗಾಳಿ ಒಳಗೆಳೆದು ಹೊರಬಿಡುವ ಸ್ನಾಯುಗಳ ಕೌಶಲ, ಸರ್ಕಸ್ಸಿನ ಹತ್ತಿರದ್ದು. ಮನೆಯ ಹೂಸಿಗೆ ಟಿಕೆಟ್ಟಿಲ್ಲ, ನೋಡುಗರಿಗೆ ಎದ್ದು ಹೋಗುವ ಸ್ವಾತಂತ್ರ್ಯವೂ ಇಲ್ಲ.

ಮನೆಯದ್ದೇ ಕತೆ ಬೇಕೆಂದರೆ ಅರೇಬಿಯನ್ ನೈಟ್ಸ್‌ಗೆ ಬರ್ಟನ್ 19ನೇ ಶತಮಾನದಲ್ಲಿ ಮಾಡಿದ ಇಂಗ್ಲಿಷ್ ಅನುವಾದದಲ್ಲಿರುವ ಅಬು ಹಸನನ ಕತೆ ನೋಡಬೇಕು. ಯೆಮನ್ ದೇಶದ ಶ್ರೀಮಂತ ವರ್ತಕ, ಹೆಂಡತಿ ತೀರಿಕೊಂಡವನು, ಸ್ನೇಹಿತರ ಒತ್ತಾಯಕ್ಕೆ ಮರುಮದುವೆಯಾಗುತ್ತಾನೆ. ಭರ್ಜರಿ ಊಟ. ವಧುವಿನ ಕೋಣೆಗೆ ಬಾ ಎಂದು ಕರೆ ಬಂದಾಗ ಗಂಭೀರವಾಗಿ ಆಸನದಿಂದ ಏಳುತ್ತಾನೆ, ಏಳುವಾಗ ಅದು ಆಗಿಹೋಗುತ್ತದೆ. ಅತಿಥಿಗಳು ಒಳ್ಳೆಯವರು, ಏನೂ ಕೇಳದವರಂತೆ ತಮ್ಮತಮ್ಮಲ್ಲೇ ಗಟ್ಟಿಯಾಗಿ ಮಾತಿಗೆ ತೊಡಗುತ್ತಾರೆ. ಆದರೆ ಅವನು ಹೊರಗೆ ಹೋಗಿಬರುವ ನೆಪ ಮಾಡಿ ಕುದುರೆ ಹತ್ತಿ, ಹಡಗು ಹಿಡಿದು, ನಮ್ಮ ಮಲಬಾರಿಗೆ ಬಂದುಬಿಡುತ್ತಾನೆ. ಹತ್ತು ವರ್ಷ ಇಲ್ಲೇ ರಾಜನ ಸೇವೆ. ಊರಿನ ನೆನಪು ತಡೆಯಲಾರದೆ ವಾಪಸು ಹೋಗಿ, ವೇಷ ಮರೆಸಿಕೊಂಡು ಊರಂಚಿನ ಗುಡಿಸಲೊಂದರ ಹೊರಗೆ ಕೂತಾಗ ಒಳಗೊಬ್ಬ ಹುಡುಗಿ ತಾಯಿಯನ್ನು ತಾನು ಹುಟ್ಟಿದ್ದು ಯಾವಾಗ ಎಂದು ಕೇಳುತ್ತಾಳೆ. ಅಬು ಹಸನ್ ಹೂಸಿದ ರಾತ್ರಿ ಹುಟ್ಟಿದೆ ಮಗಳೇ ಎಂದು ತಾಯಿ ಲೆಕ್ಕ ಹೇಳುತ್ತಾಳೆ. ಅವನು ಮತ್ತೆ ಇತ್ತ ಓಡಿಬಂದು ಇಲ್ಲೇ ಸಾಯುತ್ತಾನೆ.

ಊರು ಬಿಟ್ಟು ಬಂದವರ ಈ ಪತ್ರಿಕೆಯಲ್ಲಿ ಇದನ್ನು ನೆನೆಸಿಕೊಳ್ಳದಿರುವುದು ಹೇಗೆ? ಹೊಟ್ಟೆಪಾಡಿಗೆ ವಲಸೆ ಬಂದವರು ನಾವು, ಇವನೂ ಒಂದು ರೀತಿಯಲ್ಲಿ ಹೊಟ್ಟೆಯಿಂದಲೇ ವಲಸೆ ಬಂದವನು. ಊರು ಎಲ್ಲವನ್ನೂ ಮರೆತಿರಬಹುದು, ಇದೊಂದನ್ನು ಬಿಟ್ಟು ಎಂಬ ಭಯ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಕತೆ ಚೆನ್ನಾಗಿದೆ, ಕೊನೆಯ ಪೆಟ್ಟಂತೂ ಅಚ್ಚುಕಟ್ಟು. ಆದರೂ ಪ್ರತಿ ಸಲ ಓದುವಾಗ ನನಗೆ ಒಂದು ಪ್ರಶ್ನೆ ಕಾಡುತ್ತದೆ: ಒಳಕೋಣೆಯಲ್ಲಿ ಅಲಂಕಾರ ಮಾಡಿಕೊಂಡು ಕೂತಿದ್ದ ಆ ಹುಡುಗಿ ಏನಾದಳು? ಒಬ್ಬ ಗಂಡಸಿನ ಮಾನದ ಕತೆಯಲ್ಲಿ ಅವಳಿಗೆ ಒಂದು ವಾಕ್ಯವೂ ಇಲ್ಲ. ಅವಳು ನಕ್ಕುಬಿಟ್ಟಿದ್ದರೆ ಕತೆ ಅಲ್ಲೇ ಮುಗಿಯುತ್ತಿತ್ತು, ಅವನು ಮಲಬಾರು ನೋಡಬೇಕಾಗಿರಲಿಲ್ಲ.

ಇದಕ್ಕೆ ಉತ್ತರವೋ ಎಂಬಂತೆ ಇರುವುದು ಜಪಾನಿನ ಒಂದು ಜನಪದ ಕತೆ. ಅಲ್ಲಿ ಅದು ಮಕ್ಕಳಿಗೂ ಗೊತ್ತಿರುವ ಕತೆ, ಹೂಸುವ ಸೊಸೆಯ ಕತೆ ಎಂದೇ ಹೆಸರು. ಪಾಠಾಂತರ ಬಹಳ ಇವೆ, ಸಾರ ಇಷ್ಟು. ಹೊಸದಾಗಿ ಬಂದ ಸೊಸೆ ದಿನದಿನಕ್ಕೆ ಬಿಳಿಚಿಕೊಳ್ಳುತ್ತಾಳೆ. ಏನಮ್ಮಾ ಕಾಯಿಲೆ ಎಂದು ಅತ್ತೆ ಕೇಳಿದರೆ, ಹೂಸು ತಡೆದುಕೊಂಡಿದ್ದೇನೆ ಅನ್ನುತ್ತಾಳೆ. ಅಯ್ಯೋ ಅಷ್ಟೇ ತಾನೇ, ಬಿಡು ಎಂದು ಅತ್ತೆ ಧೈರ್ಯ ಹೇಳುತ್ತಾಳೆ. ಹಾಗಾದರೆ ಕಂಬ ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು ಎಚ್ಚರಿಸಿ ಸೊಸೆ ಬಿಡುತ್ತಾಳೆ; ಅತ್ತೆ ಹಾರಿ ಹೋಗಿ ಎಲ್ಲೋ ಬೀಳುತ್ತಾಳೆ. ಇಂಥವಳು ಬೇಡ ಎಂದು ಗಂಡ ತವರಿಗೆ ಬಿಟ್ಟುಬರಲು ಹೊರಡುತ್ತಾನೆ. ದಾರಿಯಲ್ಲಿ ಕೆಲವರು ಎತ್ತರದ ಮರದ ಹಣ್ಣು ಕೀಳಲಾಗದೆ ಒದ್ದಾಡುತ್ತಿರುತ್ತಾರೆ. ನಾನು ಬೀಳಿಸಿಕೊಡಲೇ ಎಂದು ಸೊಸೆ ಕೇಳುತ್ತಾಳೆ, ಅವರು ನಗುತ್ತಾರೆ, ಪಂಥ ಕಟ್ಟುತ್ತಾರೆ. ಒಂದೇ ಏಟಿಗೆ ಹಣ್ಣೆಲ್ಲ ನೆಲಕ್ಕೆ. ಪಂಥದ ಮಾಲು ಅವಳ ಪಾಲು. ಇಂಥ ಐಶ್ವರ್ಯವನ್ನು ಕಳಿಸುವುದುಂಟೇ ಎಂದು ಗಂಡ ಮನೆಗೆ ವಾಪಸು ಕರೆತಂದು ಅವಳಿಗೆಂದೇ ಒಂದು ಕೋಣೆ ಕಟ್ಟಿಸುತ್ತಾನೆ. ಜಪಾನಿಯಲ್ಲಿ ಹೂಸಿಗೆ ಹೆ ಎಂಬ ಪದ, ಕೋಣೆಗೆ ಹೆಯಾ. ಕೋಣೆಗೆ ಆ ಹೆಸರು ಬಂದದ್ದೇ ಹೀಗೆ ಎಂದು ಕತೆ ಹೇಳುವವರು ಕೊನೆಗೆ ಸೇರಿಸುವುದುಂಟು. ನಿರುಕ್ತ ಸುಳ್ಳು, ಆದರೆ ಎಂಥ ಸುಳ್ಳು!

ಈ ಕತೆಯ ಬಗ್ಗೆ ನನಗೆ ಪೂರ್ತಿ ಸಮಾಧಾನವಿಲ್ಲ. ಗಂಡ ಒಪ್ಪಿಕೊಂಡದ್ದು ಲಾಭ ಕಂಡ ಮೇಲೆ. ಹಣ್ಣು ಬೀಳದಿದ್ದರೆ ಅವಳು ತವರಿನಲ್ಲೇ ಇರುತ್ತಿದ್ದಳು. ದುಡಿಯುವ ಸೊಸೆಯ ದೇಹಕ್ಕೆ ಸಂಬಳದ ಲೆಕ್ಕದಲ್ಲಿ ಮಾಫಿ ಸಿಗುವುದು ನಮಗೆ ಹೊಸದೇನಲ್ಲ. ಎಂಟು ಹತ್ತರ ಲೋಕಲ್ ಹಿಡಿಯುವ ಸೊಸೆಗೆ ಸ್ವಲ್ಪ ಒರಟುತನಕ್ಕೆ ರಿಯಾಯಿತಿ ಇರುತ್ತದೆ. ಆದರೂ ಕತೆ ಎರಡು ದೊಡ್ಡ ಕೆಲಸ ಮಾಡಿದೆ. ತಡೆದುಕೊಂಡರೆ ಮುಖ ಬಿಳಿಚಿಕೊಳ್ಳುತ್ತದೆ, ಅಂದರೆ ಸೊಸೆಯ ಮೌನಕ್ಕೆ ದೇಹ ಬೆಲೆ ಕಟ್ಟುತ್ತಿದೆ ಎಂದು ಮೊದಲ ಸಾಲಿನಲ್ಲೇ ಹೇಳಿದೆ. ಮತ್ತು ಆ ದೇಹಕ್ಕೆ ಮನೆಯಲ್ಲಿ ಜಾಗ ಬೇಕು, ಮಾತಿನಲ್ಲಿ ಅಲ್ಲ, ಗೋಡೆ ಬಾಗಿಲು ಇರುವ ಜಾಗ ಎಂದಿದೆ.

ವೈದ್ಯ ಕೂಡ ಇದರ ಪರವೇ. ಚರಕ ಸಂಹಿತೆಯ ಸೂತ್ರಸ್ಥಾನದ 7ನೇ ಅಧ್ಯಾಯದಲ್ಲಿ ತಡೆಯಬಾರದ 13 ವೇಗಗಳ ಪಟ್ಟಿ ಇದೆ. ಸೀನು, ಆಕಳಿಕೆ, ಕಣ್ಣೀರುಗಳ ಜೊತೆ ಇದಕ್ಕೂ ಸಮಾನ ಸ್ಥಾನ. ಇದು ಗಂಡಸರಿಗೆ ಮಾತ್ರ ಎಂದು ಚರಕ ಬರೆದಿಲ್ಲ. ಇನ್ನು 1998ರಲ್ಲಿ ಗಟ್ ಎಂಬ ವೈದ್ಯಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನವಿದೆ. 16 ಮಂದಿ ಆರೋಗ್ಯವಂತರಿಗೆ ಬೀನ್ಸ್ ಕಾಳು ತಿನ್ನಿಸಿ, ಅವರು ಬಿಟ್ಟದ್ದನ್ನು ಸಂಗ್ರಹಿಸಿ, ಇಬ್ಬರು ತೀರ್ಪುಗಾರರ ಮೂಗಿಗೆ ಹಿಡಿದರು. ಆ ಇಬ್ಬರ ವಿಜ್ಞಾನನಿಷ್ಠೆಗೆ ನನ್ನದೊಂದು ದೊಡ್ಡ ನಮಸ್ಕಾರ. ವಾಸನೆಗೆ ಮುಖ್ಯ ಕಾರಣ ಗಂಧಕದ ಅನಿಲಗಳು ಎಂದು ಖಚಿತವಾಯಿತು. ಹೆಂಗಸರದ್ದರಲ್ಲಿ ಹೈಡ್ರೋಜನ್ ಸಲ್ಫೈಡಿನ ಸಾಂದ್ರತೆ ಹೆಚ್ಚು, ಗಂಡಸರದ್ದು ಒಂದು ಸಲಕ್ಕೆ ಬರುವ ಪ್ರಮಾಣ ಹೆಚ್ಚು; ಒಟ್ಟಿನಲ್ಲಿ ಎರಡೂ ಕಡೆಯ ಲೆಕ್ಕ ಹೆಚ್ಚುಕಮ್ಮಿ ಸರಿಹೋಗುತ್ತದೆ. ಸಾಹಿತ್ಯದಲ್ಲಿ ಸಿಗದ ಸಮಾನತೆ ಪ್ರಯೋಗಾಲಯದಲ್ಲಿ ಸಿಕ್ಕಿತು.

ನಮ್ಮ ಸಿನಿಮಾಗಳು ಎಲ್ಲಿವೆ? ಹಿಂದಿಯ 3 ಈಡಿಯಟ್ಸ್ (2009) ನೋಡಿದವರಿಗೆಲ್ಲ ಸೈಲೆನ್ಸರ್ ನೆನಪಿರುತ್ತಾನೆ: ಸದ್ದಿಲ್ಲದೆ ಬಿಟ್ಟು ಪಕ್ಕದವನ ಮೇಲೆ ಹಾಕುವ ಚತುರ. ಅವನ ಇಡೀ ವ್ಯಕ್ತಿತ್ವವನ್ನು ಆ ಒಂದು ಅಭ್ಯಾಸದಲ್ಲಿ ಹಿಡಿದದ್ದು ಬರವಣಿಗೆಯ ಜಾಣತನ. ಆದರೆ ಅದು ಹಾಸ್ಟೆಲಿನ ಹಾಸ್ಯ, ಗಂಡುಹುಡುಗರದ್ದು. ಪೀಕು (2015) ಮನೆಯೊಳಗೆ ಬಂತು. ಊಟದ ಮೇಜಿನ ಮೇಲೆ ಮಲಬದ್ಧತೆಯ ಚರ್ಚೆ ತಂದಿಟ್ಟ ಆ ಸಿನಿಮಾಕ್ಕೆ ನಾವು ಋಣಿಗಳು. ಅಲ್ಲಿಯೂ ಹೊಟ್ಟೆ ಅಪ್ಪನದು, ಸಹನೆ ಮಗಳದು. ದೀಪಿಕಾ ಪಡುಕೋಣೆಯ ಪೀಕು ಸಿಟ್ಟಾಗುತ್ತಾಳೆ, ಕೂಗುತ್ತಾಳೆ, ಅಪ್ಪನ ಹೊಟ್ಟೆಯ ವರದಿಯನ್ನು ಫೋನಿನಲ್ಲಿ ಕೇಳಿಸಿಕೊಳ್ಳುತ್ತಾಳೆ. ಅವಳ ಹೊಟ್ಟೆಯ ಸುದ್ದಿ ಯಾರಿಗೂ ಬೇಕಾಗಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಅತ್ತೆಗೆ ಹೊಟ್ಟೆಯ ಆಪರೇಷನ್ ಆಯಿತು. ಹೊಟ್ಟೆ ಕೊಯ್ದ ಮೇಲೆ ಕರುಳು ಮತ್ತೆ ಕೆಲಸ ಶುರುಮಾಡಿದೆ ಎನ್ನುವುದಕ್ಕೆ ಡಾಕ್ಟರುಗಳು ಮೊದಲು ಕೇಳುವ ಗುರುತು ಗಾಳಿ ಹೋಯಿತಾ ಎಂಬುದು. ಹಾಗಾಗಿ ಎರಡು ದಿನ ನಮ್ಮ ಇಡೀ ಕುಟುಂಬ ಒಂದು ಹೂಸಿಗಾಗಿ ಕಾಯುತ್ತಿತ್ತು. ಬೆಳಿಗ್ಗೆ ಸಿಸ್ಟರ್ ಬಂದು, ಆಜೀ, ಗ್ಯಾಸ್ ಪಾಸ್ ಝಾಲಾ ಕಾ ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ವಿಚಾರಿಸುತ್ತಿದ್ದಳು. ಊರಿಂದ ನಾದಿನಿಯ ಫೋನು: ಆಯ್ತಾ? ಪಕ್ಕದ ಮನೆಯ ಶೆಟ್ಟರ ಹೆಂಡತಿ: ಆಯ್ತಾ? ಅತ್ತೆ ಗೋಡೆ ಕಡೆ ಮುಖ ಮಾಡಿಕೊಂಡು ಮಲಗಿಬಿಟ್ಟಿದ್ದರು. ಐವತ್ತೆರಡು ವರ್ಷದ ಸಂಸಾರದಲ್ಲಿ ಗಂಡ, ಮಗ, ಮೈದುನಂದಿರು, ಬಾಡಿಗೆ ಚಾಳಿನ ಹದಿನಾರು ಮನೆಯವರು, ಯಾರಿಗೂ ಒಂದು ಸದ್ದು ಕೇಳಿಸದವರು ಅವರು. ಚಾಳಿನಲ್ಲಿ ಸಂಡಾಸು ಗ್ಯಾಲರಿಯ ಕೊನೆಗೆ, ಅದೂ ಸರತಿಯ ಮೇಲೆ. ಅಲ್ಲಿಯವರೆಗೆ ತಡೆದುಕೊಳ್ಳುವುದೇ ಅವರಿಗೆ ಅಭ್ಯಾಸವಾಗಿತ್ತು. ಎರಡನೇ ದಿನ ಸಂಜೆ ನನ್ನನ್ನು ಹತ್ತಿರ ಕರೆದು, ಅವನನ್ನು ಕೆಳಗೆ ಚಾ ಕುಡಿಯಲಿಕ್ಕೆ ಕಳಿಸು ಮಾರಾಯ್ತಿ, ಅಂದರು. ಕಳಿಸಿದೆ. ಪರದೆ ಎಳೆದೆ. ನೀನೂ ಆಚೆ ಹೋಗು ಎಂದು ಅವರು ಹೇಳಲಿಲ್ಲ.

ಅವತ್ತು ನಾನು ಸಿಸ್ಟರಿಗೆ ಓಡಿಹೋಗಿ ವರದಿ ಕೊಟ್ಟೆ. ಅವಳು ಖುಷಿಯಾಗಿ ಗಂಜಿ ಬರೆಸಿಕೊಂಡಳು. ಚಾ ಕುಡಿದು ಬಂದ ಮಗನಿಗೆ, ಡಾಕ್ಟರು ಗಂಜಿ ಕೊಡಲಿಕ್ಕೆ ಹೇಳಿದ್ದಾರಂತೆ ಎಂದಷ್ಟೇ ಅತ್ತೆ ತಿಳಿಸಿದರು.

ಸೊಸೆ ಬಿಳಿಚಿಕೊಳ್ಳುವ ಜಪಾನಿ ಕತೆಯನ್ನು ನಾನು ಓದಿದ್ದು ಇದಾದ ಮೇಲೆ. ಆದ್ದರಿಂದಲೇ ನನಗೆ ಅದು ಬರೀ ತಮಾಷೆಯ ಕತೆಯಾಗಿ ಕಾಣಿಸಲಿಲ್ಲ. ನಮ್ಮ ಕತೆಗಾರರು ಮುಂಬಯಿ ಚಾಳಿನ ನಲ್ಲಿಯ ಸಾಲು ಬರೆದಿದ್ದಾರೆ, ಗ್ಯಾಲರಿಯ ಪ್ರೇಮ ಬರೆದಿದ್ದಾರೆ, ಒಂಟಿತನವನ್ನಂತೂ ಬಹಳ ಚೆನ್ನಾಗಿ ಬರೆದಿದ್ದಾರೆ. ತಡೆದುಕೊಂಡು ಕೂತ ಹೆಂಗಸಿನ ಹೊಟ್ಟೆನೋವನ್ನು ಅಳುವಿನ ದನಿಯಲ್ಲಿ ಬರೆದರೆ ಅದು ಇನ್ನೊಂದು ಶೋಷಣೆಯ ಕತೆಯಾಗಿ ಬದಿಗೆ ಸರಿಯುತ್ತದೆ. ನಗುವಿನಲ್ಲಿ ಬರೆದರೆ ಅದು ಮನೆಯೊಳಗೆ ಓಡಾಡುತ್ತದೆ. ನನಗೆ ಬೇಕಾದದ್ದು ಎರಡನೆಯದು.

ಆ ನಗು ಹೇಗಿರಬಹುದು ಎಂಬುದಕ್ಕೆ ನಾನು ಕಂಡ ಅತ್ಯುತ್ತಮ ಮಾದರಿ ಗುಡ್ ವಿಲ್ ಹಂಟಿಂಗ್ (1997) ಸಿನಿಮಾದ ಒಂದು ದೃಶ್ಯ. ರಾಬಿನ್ ವಿಲಿಯಮ್ಸ್ ಅದರಲ್ಲಿ ಮನಶ್ಶಾಸ್ತ್ರಜ್ಞ, ಹೆಂಡತಿಯನ್ನು ಕಳೆದುಕೊಂಡವನು. ಹುಡುಗಿಯ ವಿಷಯದಲ್ಲಿ ಅಂಜುತ್ತಿರುವ ಹುಡುಗನೆದುರು ಕೂತು, ನನ್ನ ಹೆಂಡತಿ ನಿದ್ದೆಯಲ್ಲಿ ಹೂಸುತ್ತಿದ್ದಳು ಎಂದು ಶುರುಮಾಡುತ್ತಾನೆ. ಒಂದು ರಾತ್ರಿ ಎಷ್ಟು ಜೋರಾಗಿತ್ತೆಂದರೆ ನಾಯಿಗೂ ಎಚ್ಚರವಾಯಿತು, ಅವಳಿಗೂ ಎಚ್ಚರವಾಯಿತು. ನೀನಾ ಎಂದು ಅವಳು ಕೇಳಿದಳು. ಹೂಂ ಎಂದುಬಿಟ್ಟೆ, ನಿಜ ಹೇಳಲು ಮನಸ್ಸು ಬರಲಿಲ್ಲ ಅನ್ನುತ್ತಾನೆ. ಇಬ್ಬರೂ ಉಸಿರುಕಟ್ಟುವಷ್ಟು ನಗುತ್ತಾರೆ. ಆಮೇಲೆ ಅವನು ಹೇಳುತ್ತಾನೆ, ಅವಳು ಸತ್ತು ಎರಡು ವರ್ಷವಾಯಿತು, ನನಗೆ ನೆನಪಿರುವುದು ಇಂಥದ್ದೇ ಎಂದು. ಈ ಪಾತ್ರಕ್ಕೆ ವಿಲಿಯಮ್ಸ್‌ಗೆ ಆಸ್ಕರ್ ಬಂತು. ಆ ಮಾತುಗಳನ್ನು ಅವನು ಚಿತ್ರೀಕರಣದ ಹೊತ್ತಿಗೆ ತಾನೇ ಕಟ್ಟಿಕೊಂಡು ಆಡಿದ್ದು ಎನ್ನುತ್ತಾರೆ. ಇರಬಹುದು, ಬರೆದು ಕೂತರೆ ಇಷ್ಟು ಸಲೀಸಾಗಿ ಬರುವಂಥದ್ದಲ್ಲ.

ಈ ದೃಶ್ಯವನ್ನು ಎಲ್ಲರೂ ಮೆಚ್ಚುವುದು ಅಳು ನಗು ಬೆರೆತದ್ದಕ್ಕೆ. ನಾನು ಮೆಚ್ಚುವುದು ಆ ಹೂಂ ಎಂಬ ಸಣ್ಣ ಸುಳ್ಳಿಗೆ. ಸೈಲೆನ್ಸರ್ ತನ್ನದನ್ನು ಇನ್ನೊಬ್ಬರ ಮೇಲೆ ಹಾಕುತ್ತಾನೆ, ಇವನು ಇನ್ನೊಬ್ಬರದನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ಜೊತೆಗೆ, ಇಲ್ಲಿ ಹೂಸಿದವಳು ಹೆಂಡತಿ, ಹಾಗಿದ್ದೂ ನಗು ಅವಳ ಮೇಲೆ ಬೀಳುವುದಿಲ್ಲ. ಒಂದೇ ಒಂದು ತಕರಾರು ನನ್ನದು: ಅವಳು ನಿದ್ದೆಯಲ್ಲಿದ್ದಳು, ಈಗ ಬದುಕಿಯೂ ಇಲ್ಲ. ಎಚ್ಚರವಿರುವ, ಬದುಕಿರುವ, ಸಂಜೆ ಏಳಕ್ಕೆ ಅಡುಗೆಮನೆಯಲ್ಲಿ ನಿಂತಿರುವ ಹೆಂಡತಿಗೂ ಇಷ್ಟೇ ಸಲೀಸಾದ ಒಂದು ದೃಶ್ಯ ಬರೆಯಬಹುದೇ ಎಂಬ ಕುತೂಹಲ ನನಗೆ.

ಕಳೆದ ಗಣೇಶ ಚೌತಿಯಂದು ಯಜಮಾನರ ಆಫೀಸಿನವರು ಊಟಕ್ಕೆ ಬಂದಿದ್ದರು, ಅವರಲ್ಲಿ ಒಬ್ಬರು ದಂಪತಿ ನಮ್ಮ ಕಡೆಯವರೇ. ಅವರಿಗೆ ಬಡಿಸಲು ಬಗ್ಗಿದಾಗ ನನ್ನಿಂದಲೇ ಆಯಿತು. ಫಾಸ್ಟೂ ಅಲ್ಲ, ಸ್ಲೋವೂ ಅಲ್ಲ, ಸ್ಪಷ್ಟವಾಗಿ ಕೇಳಿಸಿತು. ಮಗ ಬಾಯಿ ತೆರೆಯುವುದರೊಳಗೆ ಮೂಲೆಯ ಕುರ್ಚಿಯಿಂದ ಅತ್ತೆ, ಆಪರೇಷನ್ ಆದಾಗಿಂದ ನನ್ನ ಹೊಟ್ಟೆಯೊಂದು ಹಿಡಿತಕ್ಕೆ ಬರೋದಿಲ್ಲ ನೋಡಿ, ಅಂದರು. ಬಂದ ಹೆಂಗಸು ಬಹಳ ಕಕ್ಕುಲಾತಿಯಿಂದ, ಓಮ ಕುದಿಸಿ ಕುಡೀರಿ ಅಮ್ಮ, ಚಿಟಿಕೆ ಇಂಗು ಹಾಕಿ, ಎಂದು ಪೂರ್ತಿ ವಿಧಾನ ಹೇಳಿಕೊಟ್ಟರು. ಅತ್ತೆ ಮೊದಲ ಸಲ ಕೇಳುತ್ತಿರುವವರ ಹಾಗೆ ತಲೆಯಾಡಿಸುತ್ತ ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಒಲೆಯ ಮೇಲೆ ಓಮದ ನೀರು ಕುದಿಯುತ್ತಿತ್ತು, ಪಕ್ಕದಲ್ಲಿ ಎರಡು ಲೋಟ ಇಟ್ಟಿದ್ದರು.